ನಮ್ಮ ವಲಯಕ್ಕೆ ಬರೋದಿಲ್ಲ

ಯಃಕಶ್ಚಿತ್ ಒಂದು ಕಂಪ್ಯೂಟರು ತಮಗೆ ಎದುರಾಡಿತಲ್ಲ ಎಂಬುದೇ ಸಾಹೇಬರಿಗೆ ನುಂಗಲಾರದ ತುತ್ತಾಯಿತು. ಸಾಹೇಬರೆಂದರೆ ಯಾರೋ ಅಂದುಕೊಳ್ಳಬೇಡಿ; ನೀರು ಸರಬರಾಜು ಇಲಾಖೆಯ ಮೂರನೇ ವಲಯದ ಸಾಕ್ಷಾತ್ ಅಧಿಕಾರಿ. ಯಾರು ಯಾವ ದೂರು ಹೊತ್ತು ಬಂದರೂ ಗೋಡೆಯ ನಕ್ಷೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ಇದು ನಮ್ಮ ವಲಯಕ್ಕೆ ಬರೋದಿಲ್ಲ" ಎಂದು ಅಪ್ಪಣೆ ಕೊಡಿಸುವುದರಲ್ಲೇ ಅವರ ಸರ್ವೀಸು ಸವೆದಿತ್ತು. ಅಂಥವರಿಗೆ, ಅವರದೇ ಮನೆಯಲ್ಲಿ, ಅವರದೇ ಮೇಜಿನ ಮೇಲೆ ಕೂತ ಪೆಟ್ಟಿಗೆಯೊಂದು ಅದೇ ಮಾತನ್ನು ತಿರುಗಿ ಹೇಳಿದರೆ ಹೇಗಾಗಬೇಡ?

ಆದದ್ದು ಇಷ್ಟು. ಸಾಹೇಬರ ಭಾವಮೈದ, ಅಂದರೆ ಹೆಂಡತಿಯ ತಮ್ಮ, ದೂರದೇಶದಲ್ಲಿ ಲಾರಿ ಓಡಿಸುವವನು. ಅಲ್ಲಿನ ಸಿನಿಮಾದವರು ಅವನ ಲಾರಿಯನ್ನು ಬಾಡಿಗೆಗೆ ಕೇಳಿ, ಲಾರಿಯ ಜೊತೆಗೆ ಅವನನ್ನೂ ಕರೆದೊಯ್ದು, ನಾಯಕಿಗೆ ದಾರಿ ತೋರಿಸುವ ಪಾತ್ರ ಕೊಟ್ಟುಬಿಟ್ಟಿದ್ದರು. (ಮಾತೂ ಇತ್ತು: "ಎಡಕ್ಕೆ ಹೋಗಿ.") ಆ ಸಿನಿಮಾದ ಡಿವಿಡಿಯನ್ನು ಅವನು ಅಲ್ಲಿಯ ಅಂಗಡಿಯಲ್ಲಿ ಕೊಂಡು ಅಕ್ಕನಿಗೆ ಕಳಿಸಿದ್ದ.

"ನಿಮ್ಮ ಕೆಲಸಾನೇ ಮಾಡಿದ್ದಾನೆ ನೋಡಿ, ಬಂದವರನ್ನ ಆ ಕಡೆ ಕಳಿಸೋದು" ಎಂದಳು ಹೆಂಡತಿ.

ಮಗನನ್ನು ಪರದೆಯ ಮೇಲೆ ನೋಡಲು ಅತ್ತೆಯವರು ಭಾನುವಾರ ಬಂದು, ಸೋಮವಾರ ಬೆಳಗ್ಗೆಯೇ ಹೊರಡುವವರಿದ್ದರು. ಇದಕ್ಕೆಂದೇ ಹೊಸ ಕನ್ನಡಕ ಮಾಡಿಸಿಕೊಂಡಿದ್ದರು. ಮನೆಯ ಡಿವಿಡಿ ಪ್ಲೇಯರು ಎಂದೋ ಕಣ್ಣುಮುಚ್ಚಿ ಹೂದಾನಿಗೆ ಪೀಠವಾಗಿದ್ದರಿಂದ ಉಳಿದದ್ದು ಕಂಪ್ಯೂಟರೊಂದೇ. "ಅಮ್ಮನ ಮುಂದೆ ಮರ್ಯಾದೆ ಕಳೀಬೇಡಿ, ಮೊದಲೇ ಒಂದ್ಸಲ ಹಾಕಿ ನೋಡಿ" ಎಂದು ಹೆಂಡತಿ ಬುಧವಾರವೇ ಡಿಸ್ಕು ತಂದು ಕೈಗಿಟ್ಟಳು.

ಸಾಹೇಬರು ಹಾಕಿದರು. ಪರದೆಯ ಮೇಲೆ ಒಕ್ಕಣೆಯೊಂದು ಮೂಡಿತು. ಸಿನಿಮಾ ಕಂಪನಿಗಳು ಲೋಕವನ್ನೇ ವಲಯಗಳಾಗಿ ಹಂಚಿಕೊಂಡು, ಒಂದು ವಲಯದ ಡಿಸ್ಕು ಇನ್ನೊಂದರಲ್ಲಿ ಓಡದಂತೆ ಬೀಗ ಹಾಕಿವೆಯಂತೆ. ಡಿಸ್ಕು ಬೇರೆ ವಲಯದ್ದು, ಅದನ್ನು ಓದುವ ಡ್ರೈವು ಬೇರೆ ವಲಯದ್ದು. ಬೇಕಿದ್ದರೆ ಡ್ರೈವಿನ ವಲಯ ಬದಲಾಯಿಸಿಕೊಳ್ಳಿ, ಆದರೆ ಒಟ್ಟು ಐದೇ ಸಲ ಎಂದು ಅದರ ತಾತ್ಪರ್ಯ.

"ಡಿಸ್ಕು ನನ್ನ ಭಾವಮೈದನದು, ಡ್ರೈವು ನಂದು, ಕರೆಂಟು ನಂದು. ನಡುವೆ ಗೆರೆ ಎಳೆಯೋಕೆ ಇವನ್ಯಾವನು?" ಎಂದು ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು.

"ನಿಮ್ಮ ಆಫೀಸಿಗೆ ಬರೋರೂ ಪಾಪ ಹೀಗೇ ಅಂತಾರೆ."

"ಅದು ಬೇರೆ. ಅದು ಆಡಳಿತ. ಇದು ದಬ್ಬಾಳಿಕೆ."

ಡಿಸ್ಕಿನ ಕವರಿನ ಮೂಲೆಯಲ್ಲಿ ಪುಟ್ಟದೊಂದು ಭೂಗೋಳ, ಅದರೊಳಗೆ ಒಂದು ಎಂಬ ಅಂಕೆ. ಸಾಹೇಬರು ಒಂದನೇ ವಲಯ ಒತ್ತಿದರು, ಸಿನಿಮಾ ಓಡಿತು. ಭಾವಮೈದ ಬರುವ ಮೊದಲೇ ನಿಲ್ಲಿಸಿ, "ಭಾನುವಾರಕ್ಕಿರಲಿ" ಎಂದು ಮೀಸೆ ತಿರುವಿದರು. ಆದರೆ ಅದೇ ಸಂಜೆ ಹೆಂಡತಿ ಕಪಾಟಿನಿಂದ ತನ್ನ ಇಷ್ಟದ ಸಿನಿಮಾ ತೆಗೆದು ಹಾಕಿದರೆ, ಅದು ಈ ಊರಿನ ಡಿಸ್ಕಾದ್ದರಿಂದ, ಒಂದನೇ ವಲಯಕ್ಕೆ ವಲಸೆ ಹೋಗಿದ್ದ ಡ್ರೈವು ಅದನ್ನು ಮೂಸಿಯೂ ನೋಡಲಿಲ್ಲ. ಡ್ರೈವನ್ನು ಇಲ್ಲಿಯ ಐದನೇ ವಲಯಕ್ಕೆ ವಾಪಸು ಕರೆಸಬೇಕಾಯಿತು. ಎರಡು ಸಲ ಮುಗಿಯಿತು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಶುಕ್ರವಾರ ಆಫೀಸಿನ ಗುಮಾಸ್ತ ಮನೆಗೆ ಬಂದಾಗ, ಯಂತ್ರವನ್ನು ಹೇಗೆ ಕುಣಿಸುತ್ತೇನೆ ನೋಡು ಎಂದು ಸಾಹೇಬರು ಅದನ್ನು ಆ ವಲಯಕ್ಕೆ ಅಟ್ಟಿ, ಮತ್ತೆ ಈ ವಲಯಕ್ಕೆ ಎಳೆತಂದರು.

"ರೀ, ಇನ್ನು ಒಂದೇ ಸಲ ಉಳಿದಿರೋದು" ಎಂದಳು ಹೆಂಡತಿ.

"ಹೆದರಿಸೋಕೆ ಹಾಗೆ ಹೇಳಿರ್ತಾರೆ ಕಣೇ. ಕೊನೇ ಎಚ್ಚರಿಕೆ ಅಂತ ನಾನೂ ನೋಟೀಸು ಕಳಿಸ್ತಾನೇ ಇರ್ತೀನಿ. ಇದುವರೆಗೂ ಯಾರ ಮನೆ ನಲ್ಲಿ ಕಿತ್ತಿದ್ದೀನಿ?"

ಭಾನುವಾರ ಬಂತು, ಅತ್ತೆಯವರೂ ಬಂದರು. ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಸಿಕೊಂಡು, ಸೆರಗಿನಲ್ಲಿ ಕನ್ನಡಕ ಒರೆಸಿ, ಮೂಗಿಗೇರಿಸಿ ಕೂತರು. ಡಿಸ್ಕು ಒಳಗೆ ಹೋಯಿತು. ಪರದೆ ಹೇಳಿತು: ಇದೇ ಕೊನೆಯ ಅವಕಾಶ, ಆಮೇಲೆ ಬದಲಾವಣೆ ಇಲ್ಲ, ವಲಯದ ಸಂಖ್ಯೆ ನಮೂದಿಸಿ.

"ಕವರ್ ನೋಡ್ಕೊಂಡು ಹಾಕಿ" ಎಂದಳು ಹೆಂಡತಿ.

"ವಲಯದ ವಿಷಯ ನನಗೆ ಹೇಳಿಕೊಡ್ತೀಯಾ?" ಸಾಹೇಬರು ಕವರಿನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆಯ ಎದುರಲ್ಲೇ ತಮಗೆ ಕೊನೆಯ ಎಚ್ಚರಿಕೆ ಕೊಡುವಷ್ಟು ಸೊಕ್ಕೇ ಇದಕ್ಕೆ ಎಂದು ಮೈಯೆಲ್ಲ ಉರಿಯುತ್ತಿತ್ತು. 'ವಲಯ' ಎಂದು ಕಂಡಲ್ಲೆಲ್ಲ ವರ್ಷಾನುಗಟ್ಟಲೆ ಮೂರು ಎಂದೇ ಬರೆದು ಸಹಿ ಹಾಕಿದ ಕೈ ಅದು. ಠೀವಿಯಿಂದ ಮೂರು ಒತ್ತಿ, ಠೀವಿಯಿಂದಲೇ ಒಪ್ಪಿಗೆಯನ್ನೂ ಒತ್ತಿತು.

ಡ್ರೈವು ಮೂರನೇ ವಲಯದಲ್ಲಿ ಖಾಯಂ ಆಯಿತು. ಭಾವಮೈದನ ಸಿನಿಮಾ ಅಲ್ಲಿಗೆ ಸೇರಿದ್ದಲ್ಲ, ಹೆಂಡತಿಯ ಕಪಾಟಿನವೂ ಅಲ್ಲಿಗೆ ಸೇರಿದವಲ್ಲ. ಆ ವಲಯದಲ್ಲಿ ಇದ್ದವರು ಸಾಹೇಬರೊಬ್ಬರೇ.

"ಅಳಿಯಂದಿರೇ, ಕನ್ನಡಕದ ನಂಬರು ತಪ್ಪಿದೆಯೋ ಏನೋ. ನಂಗೇನೂ ಕಾಣ್ತಿಲ್ಲ" ಎಂದರು ಅತ್ತೆ.

ಹೆಂಡತಿ ಬೈದಿದ್ದರೆ ಸಾಹೇಬರು ನಾಲ್ಕು ಮಾತು ಎದುರಾಡುತ್ತಿದ್ದರು. ಅವಳು ಬೈಯಲಿಲ್ಲ, ಅಮ್ಮನ ಬೆನ್ನ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ಸಾಹೇಬರು ಚಪ್ಪಲಿ ಮೆಟ್ಟಿ ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೊರಟರು.

ಆ ರಸ್ತೆಯೇ ಇಲಾಖೆಯ ವಲಯಗಳ ಗಡಿ. ಸಾಹೇಬರ ಮನೆಯ ಕಡೆಯದು ಮೂರನೇ ವಲಯ, ಅಂಗಡಿಯ ಕಡೆಯದು ನಾಲ್ಕನೆಯದು. ನಟ್ಟನಡುವೆ, ಅಂಗಡಿಯ ಮುಂದೆ, ಪೈಪು ಒಡೆದು ನೀರು ಸೋರುತ್ತಲೇ ಇತ್ತು. ಅಂಗಡಿಯವನು ದೂರು ಕೊಟ್ಟಾಗ ಸಾಹೇಬರು ಅವನನ್ನು ನಾಲ್ಕಕ್ಕೆ ಕಳಿಸಿದ್ದರು, ನಾಲ್ಕರವರು ಮೂರಕ್ಕೆ. ಹೀಗೆ ಅಲೆದು ಅಲೆದು ಅವನ ಚಪ್ಪಲಿ ಸವೆದಿತ್ತು.

"ಡ್ರೈವು ಬದಲಾಯಿಸಿದ್ರಾಯ್ತು ಸಾರ್. ಹೊಸದಿದೆ. ಈಗಲೇ ಹಾಕಿ ಒಂದನೇ ವಲಯಕ್ಕೆ ಕೂರಿಸಿಬಿಡಬಹುದು" ಎಂದ ಅಂಗಡಿಯವನು.

"ಹಾಗಾದ್ರೆ ಬಾರಪ್ಪ."

ಅವನು ಹೊಸ್ತಿಲಿಗೆ ಬಂದು, ಹರಿಯುವ ನೀರನ್ನೂ ಅದರಾಚೆಗಿನ ಮನೆಯನ್ನೂ ನಿಧಾನವಾಗಿ ನೋಡಿದ. "ನಿಮ್ಮನೆ ರಸ್ತೆಯ ಆ ಕಡೆ ಆಯ್ತಲ್ಲ ಸಾರ್. ಕ್ಷಮಿಸಬೇಕು. ನಮ್ಮ ವಲಯಕ್ಕೆ ಬರೋದಿಲ್ಲ."

ಇದಕ್ಕೆಲ್ಲ ಬಗ್ಗುವ ಆಸಾಮಿ ತಾನಲ್ಲ ಎಂದು ಸಾಹೇಬರು ಸರ್ರನೆ ತಿರುಗಿದರು. ಎದುರಿನ ಕಿಟಕಿಯಲ್ಲಿ ಅತ್ತೆ ಮತ್ತೆ ಕನ್ನಡಕ ಒರೆಸುತ್ತಿದ್ದುದು ಕಾಣಿಸಿತು. ಸಾಹೇಬರು ಅಲ್ಲೇ ನಿಂತು ಇಲಾಖೆಯ ಕೆಲಸದವರಿಗೆ ಫೋನು ಮಾಡಿದರು. "ಹೌದು, ನಮ್ಮ ವಲಯದ್ದೇ. ಗೆರೆಗಿರೆ ಎಲ್ಲ ನಾನು ನೋಡ್ಕೊತೀನಿ. ಬೀದಿಯ ನೀರು ನಿಲ್ಲಿಸಿ, ಗುದ್ದಲಿ ತಗೊಂಡು ಬನ್ನಿ." ಆಮೇಲೆ ಅಂಗಡಿಯವನಿಗೆ, "ನಿನಗೆ ಹೆದರಿ ಮಾಡಿಸ್ತಿದ್ದೀನಿ ಅಂದ್ಕೋಬೇಡ" ಎಂದರು.

"ಛೆ ಛೆ, ಹಾಗೆಲ್ಲಾದ್ರೂ ಉಂಟೇ ಸಾರ್" ಎನ್ನುತ್ತಾ ಅವನು ಡ್ರೈವು ಹಿಡಿದು ರಸ್ತೆ ದಾಟಿದ.

ಕೆಲಸದವರು ಬಂದರು. ನಾಳೆ ನಾಲ್ಕನೇ ವಲಯದವರು ತಗಾದೆ ತೆಗೆದರೆ ಯಾರು ಗತಿ, ಸಾಹೇಬರು ಖುದ್ದು ನಿಂತರೆ ಮಾತ್ರ ಅಗೆಯುತ್ತೇವೆ ಎಂದರು. ಸಾಹೇಬರು ಗುಂಡಿಯ ಪಕ್ಕ ನಿಂತರು, ಜಾರಿದರು, ಗುಂಡಿಯೊಳಗೇ ನಿಂತರು. ಕಿಟಕಿಯಿಂದ ಸಿನಿಮಾದ ಸಂಗೀತ ಕೇಳಿಸಿತು. ನಡುವೆ ಅತ್ತೆಯವರ "ಅಯ್ಯೋ, ನನ್ನ ಕಂದ" ಎಂಬ ದನಿಯೂ ಕೇಳಿಸಿತು. ಸೊಂಟದ ತನಕ ಕೆಸರಲ್ಲಿದ್ದರೂ ಸಾಹೇಬರಿಗೆ ಹಿತವೆನಿಸಿತು. (ಆ ಮಾತನ್ನು ಅವರು ಈಗಲೂ ಒಪ್ಪುವುದಿಲ್ಲ.)

ಗೆದ್ದವರ ಗತ್ತಿನಲ್ಲಿ ಮನೆಯ ಮೆಟ್ಟಿಲು ಹತ್ತಿದರು. "ಇನ್ನೊಂದ್ಸಲ ಹಾಕು. ನಾನೇ ನೋಡಿಲ್ಲ" ಎಂದು ಒಳಗೆ ಕಾಲಿಡಲು ಹೋದರೆ, ಬಾಗಿಲಿಗೆ ಅಡ್ಡ ನಿಂತಿದ್ದ ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಮ್ಮನ ಹಾಗೆಯೇ ಕೈ ನೀಡಿ ಹಿತ್ತಲಿನ ಓಣಿ ತೋರಿಸಿದಳು.

"ಎಡಕ್ಕೆ ಹೋಗಿ. ಈ ಕೆಸರು ನಮ್ಮ ವಲಯಕ್ಕೆ ಬರೋದಿಲ್ಲ."

ಸಾಹೇಬರು ಗೊಣಗುತ್ತಾ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದರು. ಬುಸ್ ಎಂದು ಗಾಳಿ ಬಂತು. ಬೀದಿಯ ನೀರು ನಿಲ್ಲಿಸಿದವರ ಮೇಲೆ ಕೆಂಡಾಮಂಡಲವಾಗಿ, ಈಗಿಂದೀಗಲೇ ದೂರು ಕೊಡುತ್ತೇನೆ ಎಂದು ಕೆಸರುಗೈಯಲ್ಲೇ ಫೋನು ತೆಗೆದರು. ನಂಬರು ಒತ್ತುವಾಗ ನೆನಪಾಯಿತು: ಈ ದೂರು ಮಾತ್ರ ಅವರ ವಲಯಕ್ಕೇ ಬರುತ್ತಿತ್ತು.