ನಾವು ಆಡಿದ ಗ್ರೀಕ್ ದುರಂತ

ಜನರನ್ನು ನಗಿಸಬೇಕೆಂದು ಹೊರಟರೆ ಯಾರೂ ನಗುವುದಿಲ್ಲ. ಅಳಿಸಬೇಕೆಂದು ಹೊರಟರೆ ಮಾತ್ರ ಎಂತದಾದರೊಂದು ಆಗಿಯೇ ತೀರುತ್ತದೆ.

ಅರವತ್ತರ ದಶಕದ ಮೊದಲಲ್ಲಿ ನಾನು ಪುತ್ತೂರಿನ ಹತ್ತಿರದ ನರಿಮೊಗರಿನಲ್ಲಿ ಟೀಚರ್ ಆಗಿದ್ದೆ. ದರ್ಬೆಯ ವಕೀಲರೊಬ್ಬರಿಗೆ ನಾಟಕದ ಹುಚ್ಚು. ಮದ್ರಾಸಿನಿಂದ ತಂದ ಇಂಗ್ಲಿಷ್ ಪುಸ್ತಕದಲ್ಲಿದ್ದ ಪುರಾತನ ಗ್ರೀಕ್ ನಾಟಕವೊಂದನ್ನು ಅವರು ಕನ್ನಡಕ್ಕೆ ಇಳಿಸಿದ್ದರು. ಯುದ್ಧದಲ್ಲಿ ಸತ್ತ ದ್ರೋಹಿಯ ಹೆಣಕ್ಕೆ ಯಾರೂ ಸಂಸ್ಕಾರ ಮಾಡಬಾರದೆಂದು ಅರಸನ ಆಜ್ಞೆ. ಸತ್ತವನ ತಂಗಿ ಕೇಳುವುದಿಲ್ಲ, ಮಾಡಿಯೇ ಬಿಡುತ್ತಾಳೆ. ಅರಸನ ಪಾತ್ರ ವಕೀಲರದ್ದು, ತಂಗಿ ನಾನು.

ಒಳಗೆ ಸಾಯುವವರು

ಮೊದಲ ದಿನ ವಕೀಲರು ನಾಟಕ ಓದಿ ಹೇಳಿದರು. ಯಕ್ಷಗಾನವೆಂದರೆ ಪ್ರಾಣ ಬಿಡುವ ಹೋಟೆಲಿನ ಯಜಮಾನರೊಬ್ಬರು ಕೇಳಲು ಬಂದಿದ್ದರು.

"ಕೊನೆಗೆ ಸಾಯುದು ಎಷ್ಟು ಜನ?"

"ಮೂವರು. ಆ ತಂಗಿ, ಅವಳನ್ನು ಮದುವೆ ಆಗ್ಬೇಕಿದ್ದ ರಾಜಕುಮಾರ, ಅವನ ತಾಯಿ."

"ಯುದ್ಧ ಮಾಡಿಯಾ?"

"ಇಲ್ಲ. ಗ್ರೀಕರಲ್ಲಿ ರಂಗದ ಮೇಲೆ ಸಾಯುವ ಕ್ರಮ ಇಲ್ಲ. ಎಲ್ಲರೂ ಒಳಗೆ ಸಾಯುದು, ದೂತ ಹೊರಗೆ ಬಂದು ಹೇಳುದು."



"ಹಾಗಾದ್ರೆ ನಮ್ಮನ್ನು ಹೊರಗೆ ಕೂರಿಸುದು ಎಂತಕ್ಕೆ ಮಾರಾಯ್ರೆ? ಕುರ್ಚಿ ಒಳಗೇ ಹಾಕಿ!"

ಊರ ಹಿರಿಯರು

ಗ್ರೀಕ್ ನಾಟಕದಲ್ಲಿ ಊರ ಹಿರಿಯರ ಒಂದು ಗುಂಪು ಉಂಟು. ಆಗಾಗ ಬಂದು ಎಲ್ಲರೂ ಒಂದೇ ಸ್ವರದಲ್ಲಿ ವಿಧಿಯ ಬಗ್ಗೆ ದುಃಖಪಡುವುದು ಅವರ ಕೆಲಸ. ಒಂದೇ ಸ್ವರದಲ್ಲಿ ಹೇಳುವವರು ಎಲ್ಲಿ ಸಿಗಬೇಕು? ಸುಳ್ಯದ ಭಜನಾ ಮಂಡಳಿಯೊಂದರ ಗೌಡರುಗಳನ್ನು ವಕೀಲರು ಒಪ್ಪಿಸಿ ಕರೆತಂದರು. ಸ್ವರವೇನೋ ಒಂದೇ ಆಯಿತು. ಆದರೆ ಒಬ್ಬರು "ವಿಧಿಯ ಮೀರುವರಾರು" ಎಂದರೆ ಉಳಿದವರು ಅಭ್ಯಾಸಬಲದಿಂದ ಅದನ್ನೇ ತಿರುಗಿ ಹೇಳುವರು, ಕೈಯಲ್ಲಿ ತಾಳ ಬೇರೆ.

ಸುಳ್ಯದ ಪ್ರದರ್ಶನದ ದಿನ ಸಭೆಯೂ ಜೊತೆಗೂಡಿತು. ನಾನು ಅಣ್ಣನ ಹೆಣದ ಪಕ್ಕ ಅಳುತ್ತಿದ್ದೇನೆ, ಎದುರು ಮುನ್ನೂರು ಕೈ ತಾಳ ಹಾಕುತ್ತಿವೆ. ನನ್ನ ಅಳುವೂ ತಾಳಕ್ಕೆ ಸರಿಯಾಗಿಯೇ ಬಂತು. ಪರದೆ ಬಿದ್ದ ಮೇಲೆ ಅಜ್ಜಿಯೊಬ್ಬರು ರಂಗದ ಹತ್ತಿರ ಬಂದು, ಹೆಣವಾಗಿದ್ದವನಲ್ಲೇ ಕೇಳಿದರು:

"ಪ್ರಸಾದ ಎಲ್ಲಿ ಕೊಡುದು ಮಗಾ?"

ದೂತ

ದೂತನ ಪಾತ್ರದವರಿಗೆ ಸುಬ್ರಹ್ಮಣ್ಯದಲ್ಲಿ ಅಂಗಡಿ. ಕಡಬದ ಪ್ರದರ್ಶನಕ್ಕೆ ಅವರು ಬಸ್ಸಿನಲ್ಲಿ ಬರಬೇಕಿತ್ತು. ನಾಟಕ ಮುಕ್ಕಾಲು ಮುಗಿದರೂ ಪತ್ತೆ ಇಲ್ಲ. ಅರಸ ಒಂದೇ ಪಶ್ಚಾತ್ತಾಪವನ್ನು ನಾಲ್ಕು ರೀತಿಯಲ್ಲಿ ಪಟ್ಟು, ಸಿಂಹಾಸನಕ್ಕೆ ಸುತ್ತು ಬರುತ್ತಿದ್ದಾನೆ. ಅಷ್ಟರಲ್ಲಿ ದೂತ ಓಡಿ ಬಂದರು. ಮೈಯೆಲ್ಲ ಬೆವರು, ಮಾತು ಹೊರಡುವುದಿಲ್ಲ, ಎದೆ ತಿದಿಯ ಹಾಗೆ ಏಳುತ್ತಿದೆ. "ಅಭಿನಯ ಅಂದ್ರೆ ಇದು!" ಎಂದು ಮುಂದೆ ಕೂತವರೊಬ್ಬರು ಉದ್ಗರಿಸಿದರು.

ಕಾದು ಸುಸ್ತಾದ ವಕೀಲರು ಪುಸ್ತಕದ ಮಾತು ಮರೆತು ಗುಡುಗಿದರು: "ದೂತಾ, ಇಷ್ಟು ತಡ ಯಾಕೆ?"

ದೂತರು ಬಸ್ಸು ಎನ್ನಲಿಕ್ಕೆ ಹೊರಟರು. ಗ್ರೀಕ್ ಕಾಲದಲ್ಲಿ ಬಸ್ಸು ಇರಲಿಲ್ಲವೆಂದು ಅರ್ಧದಲ್ಲಿ ನೆನಪಾಯಿತು.

"ಪ್ರಭೂ, ದಾರಿಯಲ್ಲಿ ಕುದುರೆ ಪಂಕ್ಚರ್ ಆಯಿತು!"

ತೀರ್ಪು

ಇಷ್ಟೆಲ್ಲ ಆದರೂ ಪುತ್ತೂರಿನ ದಿನಕ್ಕೆ ಸಮನಾದದ್ದು ಬೇರೊಂದಿಲ್ಲ.

ಪುತ್ತೂರೆಂದರೆ ಮನೆಯ ಅಂಗಳದಲ್ಲೇ ಆಡಿದ ಹಾಗೆ, ಎಲ್ಲ ಗುರುತಿನವರು. ಸೊಸೆ ಅಲ್ಲಿ ರಂಗ ಹತ್ತುದು ಬೇಡ ಎಂದು ನನ್ನ ಅತ್ತೆಯ ಹಠ. ಅವರು ಬೇಡ ಎಂದರೆ ಬೇಡ. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ವಕೀಲರೇ ಮನೆಗೆ ಬಂದು ಕಥೆ ಹೇಳಿದರು.

"ಒಡಹುಟ್ಟಿದವನಿಗೆ ಕೊಳ್ಳಿ ಇಡುದು ತಪ್ಪಾ?" ಅತ್ತೆ ಕೇಳಿದರು.

"ಅರಸನಿಗೆ ತಪ್ಪು ಅಮ್ಮಾ. ಮೂಲದಲ್ಲಿ ಹೂಳುದು. ನಮ್ಮವರಿಗೆ ಸರಿಯಾಗಲಿ ಅಂತ ನಾನು ಸುಡುದು ಮಾಡಿದ್ದೇನೆ."

"ಆ ಅರಸನಿಗೆ ಬುದ್ಧಿ ಇಲ್ಲ. ಸೊಸೆ ಮಾಡ್ಲಿ."

ಕೊನೆ ಎಂತ ಆಗುತ್ತದೆಂದು ವಕೀಲರು ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ.

ನಾಟಕದ ದಿನ ಅತ್ತೆ ಮುಂದಿನ ಸಾಲಿನಲ್ಲೇ ಕೂತರು. ನಾನು ಚಿತೆಗೆ ಕೊಳ್ಳಿ ಇಟ್ಟಾಗ ಸೆರಗಿನಲ್ಲಿ ಕಣ್ಣೊರಸಿಕೊಂಡರು. ನನಗೂ ಹುರುಪು ಬಂತು. ಅಷ್ಟು ಚೆನ್ನಾಗಿ ನಾನು ಎಂದೂ ಆಡಿದ್ದಿಲ್ಲ. ಆಮೇಲೆ ಅರಸ ಎದ್ದು ನಿಂತು ತೀರ್ಪು ಕೊಟ್ಟ:

"ಇವಳನ್ನು ಗುಹೆಯೊಳಗೆ ದೂಡಿ, ಬಾಗಿಲಿಗೆ ಕಲ್ಲು ಕಟ್ಟಿ! ಅನ್ನ ನೀರಿಲ್ಲದೆ ಸಾಯಲಿ!"

"ವಕೀಲ್ರೆ!" ಅತ್ತೆ ಎದ್ದು ನಿಂತಿದ್ದರು. "ಎಂತ ಹೇಳಿದ್ದು ನೀವು?"

ಸೈನಿಕರು ಭರ್ಜಿ ಇಳಿಸಿದರು. ಅರಸ ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಮ್ಮಾ, ಇದು ನಾಟಕ. ಗ್ರೀಕರು ಬರೆದಿಟ್ಟದ್ದು. ನಾನು ಬದಲಿಸಲಿಕ್ಕೆ ಆಗುದಿಲ್ಲ."

"ಹೂಳುದನ್ನು ಸುಡುದು ಮಾಡಿದವರಿಗೆ ಇದೊಂದು ಬದಲಿಸ್ಲಿಕ್ಕೆ ಆಗುದಿಲ್ವಾ?"

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. "ಅಮ್ಮ ಹೇಳುದು ಸರಿ ಉಂಟು!" ಎಂದು ಹಿಂದಿನಿಂದ ಕೂಗಿದವರು ಕೋರ್ಟಿನಲ್ಲಿ ಯಾವಾಗಲೂ ಇವರ ಎದುರುಕಕ್ಷಿಗೆ ನಿಲ್ಲುವ ವಕೀಲರೆಂದು ಆಮೇಲೆ ಗೊತ್ತಾಯಿತು. ವಕೀಲರು ನನ್ನನ್ನು ನೋಡಿದರು, ಸಭೆಯನ್ನು ನೋಡಿದರು. ನಿಧಾನಕ್ಕೆ ಕಿರೀಟ ತಲೆಗಿಟ್ಟು ಗಂಟಲು ಸರಿಮಾಡಿಕೊಂಡರು.

"ಅಪರಾಧಿಯನ್ನು... ಅವಳ ಅತ್ತೆಯ ಜಾಮೀನಿನ ಮೇಲೆ ಬಿಡುಗಡೆ ಮಾಡಲಾಗಿದೆ!"

ಅತ್ತೆ ತೃಪ್ತಿಯಿಂದ ಕೂತುಕೊಂಡು, "ಹಾಂ, ಇನ್ನು ಮುಂದಿನದ್ದು ಆಡಿ" ಎಂದರು.

ಮುಂದಿನದ್ದು ಆಡುವುದು ಎಂತ? ನಾನು ಸತ್ತ ದುಃಖದಲ್ಲಿ ತಾನೂ ಸಾಯಬೇಕಾಗಿದ್ದ ರಾಜಕುಮಾರ ಪರದೆಯ ಹಿಂದೆ ಆಗಲೇ ಮೀಸೆ ಕಿತ್ತಿಟ್ಟು ಚಾ ಕುಡಿಯುತ್ತಿದ್ದ.