ವಿಶ್ವಾರಾಧ್ಯರ ಟ್ರ್ಯಾಕ್ ಲೈಟು

"ಎಲೆಕ್ಟ್ರಿಷಿಯನ್ ಯಾಕೆ? ನಾನಿಲ್ವಾ?" ಎಂದು ವಿಶ್ವಾರಾಧ್ಯರು ಲುಂಗಿ ಎತ್ತಿ ಕಟ್ಟಿದರು.

"ಇದ್ದೀರಲ್ಲ, ಅದೇ ಚಿಂತೆ," ಎಂದರು ಹೆಂಡತಿ ತನುಜಾ.

ಶಿವಮೊಗ್ಗದ ಅವರ ಮನೆಯಲ್ಲಿ ಹಳೇ ಸಾಮಾನು ತುಂಬುತ್ತಿದ್ದ ಕೋಣೆ ಈಗ ರೆಕಾರ್ಡಿಂಗ್ ಸ್ಟುಡಿಯೋ. ಅಂದರೆ ಗೋಡೆಗೆಲ್ಲ ಸ್ಪಂಜು, ಕಿಟಕಿಗೆ ಹಳೇ ಹಾಸಿಗೆ, ನಡುವೆ ಮೈಕು. ರಜಾ ದಿನ ಅದರ ಮುಂದೆ ಕೂತು ಗಂಟಲು ಸರಿಮಾಡಿಕೊಳ್ಳುವುದು ಬ್ಯಾಂಕ್ ನೌಕರರಾದ ವಿಶ್ವಾರಾಧ್ಯರ ಸಂಗೀತ ಸೇವೆ. ಹಾಡು ಇನ್ನೂ ಆ ಗಂಟಲಿನಿಂದ ಹೊರಬಂದಿರಲಿಲ್ಲ.

ಮಗಳು ಅಕ್ಷಯಾಳ ಮದುವೆ ಹತ್ತಿರ ಬಂದಿತ್ತು. ಅವಳು ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ನಾನು ಮಂಟಪಕ್ಕೆ ಬರುವಾಗ ಅಜ್ಜಿಯ ಬೀಸುವ ಪದ ಕೇಳಿಸಬೇಕು, ಅಷ್ಟೇ," ಅಂದಿದ್ದಳು. ಬೀಸುಕಲ್ಲು ಮೂಲೆ ಸೇರಿ ಎಷ್ಟೋ ಕಾಲವಾಗಿತ್ತು. ಆ ಪದ ಉಳಿದಿದ್ದು ಅಜ್ಜಿ ಶಂಕರಮ್ಮನವರ ಬಾಯಲ್ಲಿ ಮಾತ್ರ. ಪದದ ಜೊತೆ ವಿಡಿಯೋನೂ ಆಗಬೇಕು, ವಿಡಿಯೋಗೆ ಟ್ರ್ಯಾಕ್ ಲೈಟೇ ಬೇಕು ಎಂಬುದು ವಿಶ್ವಾರಾಧ್ಯರ ಭೀಷ್ಮ ಪ್ರತಿಜ್ಞೆ. ಸೀಲಿಂಗಿಗೆ ಉದ್ದನೆಯ ಪಟ್ಟಿ, ಅದರಲ್ಲಿ ಬೇಕಾದ ಕಡೆ ಸರಿಸಿ ತಿರುಗಿಸುವ ದೀಪಗಳು.

ಡ್ರಿಲ್ ಗುರ್ ಎಂದ ಕೂಡಲೇ ಅರ್ಧ ಗೋಡೆಯ ಸ್ಪಂಜು ತಲೆಯ ಮೇಲೆ ಬಿತ್ತು. ಪಟ್ಟಿಯೇನೋ ಕೂತಿತು.

"ರೀ, ಅದು ಭದ್ರಾವತಿ ಕಡೆಗೆ ಇಳೀತಾ ಇದೆ."

"ಅಮ್ಮ ಬರೋದು ಆ ಕಡೆಯಿಂದಾನೇ ಅಲ್ವಾ ಮಾರಾಯ್ತಿ, ಸ್ವಾಗತಕ್ಕಿರಲಿ."

ಭದ್ರಾವತಿಯ ಕಾಗದನಗರದಲ್ಲಿದ್ದ ಕಿರಿಮಗನ ಮನೆಯಿಂದ ಬಸ್ಸಿನಲ್ಲಿ ಬಂದಿಳಿದ ಶಂಕರಮ್ಮ, ಕುರ್ಚಿ ಒಲ್ಲೆನೆಂದು ನೆಲದ ಮೇಲೇ ಕೂತರು. ದೀಪಗಳು ಒಟ್ಟಿಗೆ ಅವರ ಮುಖಕ್ಕೆ ಬಿದ್ದವು.

"ಪೊಲೀಸ್ ಸ್ಟೇಷನ್ನಲ್ಲಿ ಕೂರಿಸಿದಂಗಾಯ್ತಲ್ಲೋ," ಎಂದು ಅವರು ಕಣ್ಣಿಗೆ ಸೆರಗು ಅಡ್ಡ ಹಿಡಿದರು.

"ನೀನು ಹಾಡಮ್ಮ."

"ಏನಂತ ಹಾಡ್ಲಿ? ಮೊದಲ ಸೊಲ್ಲೇ ಬರ್ತಿಲ್ಲ."

ಮಗ ದೀಪವನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಮೂಗು ಹೊಳೆಯುತ್ತದೆಂದು ಪೌಡರ್ ಹಚ್ಚಿಸಿದರು. ಅಷ್ಟರಲ್ಲಿ ಎರಡನೇ ಸೊಲ್ಲೂ ಹೋಯಿತು. "ಮಗು ಆಸೆಪಟ್ಟು ಕೇಳಿತ್ತು. ನನ್ನ ತಲೇನೇ ಖಾಲಿ ಆಗೋಯ್ತು," ಎಂದರು ಶಂಕರಮ್ಮ. ತನುಜಾ ಗಂಡನನ್ನು ನೋಡಿದ ನೋಟಕ್ಕೆ ಮೈಕೂ ಹೆದರಬೇಕು.

"ಆ್ಯಂಗಲ್ ಸರಿಯಿಲ್ಲ, ಅಷ್ಟೇ," ಎಂದು ವಿಶ್ವಾರಾಧ್ಯರು ಮತ್ತೆ ಏಣಿ ಹತ್ತಿ, ಉರಿಯುತ್ತಿದ್ದ ದೀಪವನ್ನೇ ಹಿಡಿದು ಎಳೆದರು. ಟಪ್ ಎಂದಿತು. ದೀಪ, ಕಂಪ್ಯೂಟರು, ಫ್ಯಾನು, ಒಟ್ಟಾರೆ ಇಡೀ ಮನೆಯ ಕರೆಂಟು ಹೋಯಿತು. ಕಿಟಕಿಗೆ ಹಾಸಿಗೆ ಬಡಿದಿದ್ದ ಆ ಕೋಣೆಯಲ್ಲಿ ಮಟಮಟ ಮಧ್ಯಾಹ್ನವೇ ಗವ್ವೆನ್ನುವ ಕತ್ತಲು.

"ಯಾರೂ ಅಲ್ಲಾಡಬೇಡಿ," ಎಂದು ಏಣಿಯ ಮೇಲಿಂದ ಅಪ್ಪಣೆಯಾಯಿತು.

ಸ್ವಲ್ಪ ಹೊತ್ತಿಗೆ ನೆಲದ ಮೇಲೆ ಅಂಗೈ ಸುತ್ತು ಹಾಕುವ ಸಪ್ಪಳ ಕೇಳಿಸಿತು. ಕೋಳಿ ಕೂಗುವ ಮೊದಲೇ ಎದ್ದು, ದೀಪದ ಎಣ್ಣೆ ಯಾಕೆ ದಂಡ ಎಂದು ಕತ್ತಲಲ್ಲೇ ರಾಗಿ ಬೀಸುತ್ತಿದ್ದ ಕೈ ಅದು. ಕೈ ತಿರುಗಿದ ಹಾಗೆ ಪದ ಬಂತು. ತವರು ಬಿಟ್ಟು ಹೊರಟ ಮಗಳ ಪದ, ಒಂದು ಸೊಲ್ಲೂ ತಪ್ಪದೆ.

ವಿಶ್ವಾರಾಧ್ಯರ ಕಣ್ಣು ತುಂಬಿತು. ಒರೆಸಿಕೊಳ್ಳಲು ಏಣಿ ಹಿಡಿದಿದ್ದ ಕೈ ಬಿಟ್ಟರು.

"ಅಯ್ಯೋ ತನೂ, ಬಿದ್ದೆ ಕಣೇ!"

ಶಂಕರಮ್ಮ ಪದ ಮುಗಿಸಿಯೇ, "ಏನೋ ಬಿತ್ತು ನೋಡ್ರೋ," ಅಂದರು.

ಸೊಂಟ ಹಿಡಿದುಕೊಂಡು ಎದ್ದವರಿಗೆ ಆಗ ಹೊಳೆಯಿತು. "ಕರೆಂಟೇ ಇರ್ಲಿಲ್ಲ! ಒಂದಕ್ಷರ ರೆಕಾರ್ಡ್ ಆಗಿಲ್ಲ!"

"ಟಾರ್ಚ್ ಹಾಕೋಣ ಅಂತ ಫೋನ್ ತೆಗ್ದೆ. ಅತ್ತೆ ಶುರು ಮಾಡಿದ್ರು, ರೆಕಾರ್ಡಿಂಗ್ ಒತ್ತಿದೆ," ಎಂದರು ತನುಜಾ.

"ಬದುಕಿದೆ. ನನ್ನ ಕೂಗೊಂದು ಕಟ್ ಮಾಡು."

"ಅದನ್ನ ತೆಗೆದ್ರೆ ಅತ್ತೆಯ ಸೊಲ್ಲೂ ಹೋಗುತ್ತೆ. ಇರಲಿ ಬಿಡಿ."

ಭದ್ರಾವತಿಯ ಕಲ್ಯಾಣ ಮಂಟಪದಲ್ಲಿ ಅಕ್ಷಯಾ ನಡೆದು ಬರುವಾಗ ಅಜ್ಜಿಯ ದನಿ ತುಂಬಿಕೊಂಡಿತು. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಆಗ ಸ್ಪೀಕರಿನಿಂದ "ಅಯ್ಯೋ ತನೂ, ಬಿದ್ದೆ ಕಣೇ!" ಎಂಬ ಆರ್ತನಾದ, ಹಿಂದೆಯೇ ಧಡಾರ್. ಮಂಟಪವೆಲ್ಲ ನಕ್ಕಿತು, ಮದುಮಗಳೂ ನಕ್ಕಳು. ವಿಶ್ವಾರಾಧ್ಯರು ಹೂವಿನ ಅಲಂಕಾರ ಪರೀಕ್ಷಿಸತೊಡಗಿದರು.

"ಪದ ನಿಮ್ಮದು ಸರಿ. ನಡುವೆ ಕೂಗಿದ್ದು ಯಾರಮ್ಮ?" ಎಂದರು ಬೀಗರು.

"ನನ್ನ ಮಗ," ಎಂದರು ಶಂಕರಮ್ಮ. "ಅಷ್ಟು ದೀಪ ಹಾಕಿ ನನ್ನ ಬಾಯಿ ಕಟ್ಟಿಸಿದ್ದ. ಪುಣ್ಯಾತ್ಮ, ಆಮೇಲೆ ತಾನೇ ದೀಪ ಕೆಡಿಸಿ ಬಾಯಿ ಬಿಡಿಸಿದ."