ವಿಸಿಲ್ ಇಲ್ಲದ ಕುದ್ರು

ಜನವರಿಯ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂವರೆ. ಸ್ಥಳ, ಪಾಣೆಮಂಗಳೂರಿನ ಸೇತುವೆಯಿಂದ ತುಸು ಮೇಲಕ್ಕೆ, ನೇತ್ರಾವತಿಯ ದಂಡೆ. ಹಾಜರಿದ್ದವರು: ನಾನು; ಬೆಳ್ತಂಗಡಿಯಲ್ಲಿ ದನದ ಡಾಕ್ಟರಾಗಿದ್ದು ನಿವೃತ್ತರಾದ ನನ್ನ ಗಂಡ ಸಂಜೀವ; ಪಕ್ಕದ ಮನೆಯ ಐಸಮ್ಮ; ದೋಣಿಯ ಮೋನಪ್ಪ. ತಡವಾಗಿ ಬಂದವರು: ನನ್ನ ಗಂಡ. ನಾಲ್ಕೇ ಜನರಿದ್ದರೂ, ಎಲ್ಲರೂ ಕಣ್ಣೆದುರಿಗೇ ನಿಂತಿದ್ದರೂ, ಹಾಜರಿ ತೆಗೆದುಕೊಳ್ಳದೆ ಯಾವ ಕೆಲಸವನ್ನೂ ಆರಂಭಿಸಲು ನನ್ನಿಂದ ಆಗುವುದಿಲ್ಲ. ಕೆಲವರಿಗೆ ಕಾಫಿ ಕುಡಿಯದೆ ತಲೆ ಓಡುವುದಿಲ್ಲವಲ್ಲ, ಹಾಗೆ.

ಇದಕ್ಕೆ ಕಾರಣ ನನ್ನ ಉದ್ಯೋಗ. ಮೂಡುಬಿದಿರೆಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ನಾನು ವಾರ್ಡನ್ ಆಗಿದ್ದೆ. ಅಲ್ಲಿ ಏಳಲು ಒಂದು ವಿಸಿಲ್, ಓದಲು ಒಂದು ವಿಸಿಲ್, ಉಣ್ಣಲು, ಉಂಡದ್ದು ಸಾಕು ಎನ್ನಲು, ದೀಪ ಆರಿಸಲು ಬೇರೆ ಬೇರೆ ವಿಸಿಲ್. ನಿವೃತ್ತಿಯ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಶಾಲು ಕಪಾಟು ಸೇರಿತು, ಹಣ್ಣು ಹೊಟ್ಟೆ ಸೇರಿತು, ವಿಸಿಲ್ ಮಾತ್ರ ನನ್ನ ಕೊರಳಲ್ಲೇ ಕುಳಿತು ಬಸ್ಸು ಹತ್ತಿ ಮನೆಗೆ ಬಂತು. ಮರುದಿನ ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ನಿಂತು ಊದಿದೆ. ಮನೆಯಲ್ಲಿದ್ದ ನಿವಾಸಿ ಒಬ್ಬರೇ. ಆ ಒಬ್ಬರು ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡು, "ರಜೆ ಅರ್ಜಿ ಕೊಟ್ಟಿದ್ದೇನೆ" ಎಂದರು.

ಅಂದಿನಿಂದ ಈ ಆರು ಗಂಟೆಯ ವಿಸಿಲ್ ನಮ್ಮ ಮನೆಯ ಗಡಿ ವಿವಾದವಾಗಿ ಬೆಳೆಯಿತು. ಗಂಡನ ಪರವಾಗಿ ಬೇಲಿಯಾಚೆಯ ಐಸಮ್ಮನೂ ಸೇರಿಕೊಂಡಳು. ಪಾಣೆಮಂಗಳೂರಿನ ಪೇಟೆಯಲ್ಲಿ ಅವಳದು ಬಟ್ಟೆ ಅಂಗಡಿ. ನಾಲಿಗೆ ಕತ್ತರಿಗಿಂತ ಹರಿತ, ಮನಸ್ಸು ಮಾತ್ರ ಮೆತ್ತನೆಯ ಮಲ್ಲು ಬಟ್ಟೆ. "ಅಕ್ಕ, ನಾನು ಬೆಳಗಿನ ಜಾವ ಸುಬಹಿ ನಮಾಝ್ ಮುಗಿಸಿ ಸ್ವಲ್ಪ ಅಡ್ಡ ಆಗ್ತೇನೆ. ಕಣ್ಣು ಕೂಡಿತು ಅನ್ನುವಾಗ ನಿಮ್ಮದು ಪೀಂ! ನಿಮಗೆ ಮಾಫಿ ಮಾಡಿ ಮಾಡಿ ನನ್ನ ಪುಣ್ಯ ಎಲ್ಲ ಮುಗೀತಾ ಬಂತು ಮಾರಾಯ್ತಿ."

ಕೊನೆಗೆ ಒಂದು ಪಂದ್ಯಕ್ಕೆ ಒಪ್ಪಿದೆವು. ಶರತ್ತು ಗಂಡನದು: "ಒಂದೇ ಒಂದು ದಿನ. ಗಡಿಯಾರ ಇಲ್ಲದೆ, ಯಾರಿಗೂ ಅದು ಮಾಡಿ ಇದು ಮಾಡಿ ಅನ್ನದೆ ಇರು. ನೀನು ಗೆದ್ದರೆ ಇನ್ನು ಮೇಲೆ ನಿನ್ನ ವಿಸಿಲಿಗೆ ಎದ್ದು ನಿಲ್ತೇನೆ, ತುಟಿ ಪಿಟಕ್ ಅನ್ನುವುದಿಲ್ಲ. ಸೋತರೆ ವಿಸಿಲ್ ಸೀದಾ ಹೊಳೆಗೆ." ತೀರ್ಪುಗಾರಳು ಐಸಮ್ಮ. ಮನೆಯಲ್ಲಿ ಹಾಲು ಉಕ್ಕುತ್ತದೆ, ಕುಕ್ಕರ್ ಕೂಗುತ್ತದೆ, ಮಾತು ತಾನಾಗಿ ಬಾಯಿಗೆ ಬರುತ್ತದೆ. ಆದ್ದರಿಂದ ಆಜ್ಞೆ ಮಾಡಲು ಏನೂ ಇಲ್ಲದ ಜಾಗ ಬೇಕಾಗಿತ್ತು. ಅಂಥದ್ದು ನಮ್ಮಲ್ಲಿ ಕುದ್ರು ಒಂದೇ. ಹೊಳೆಯ ನಡುವೆ ತಾನಾಗಿ ಎದ್ದು ನಿಂತ ದ್ವೀಪ. ಅಂಚಿಗೆಲ್ಲ ಬಿಳಿ ಹೊಯ್ಗೆ, ಅಂದರೆ ಮರಳು; ನಡುವೆ ತೆಂಗು, ಮುಳ್ಳೆಲೆಯ ಮುಂಡಕನ ಪೊದೆ, ಹುಲ್ಲು. ಮನೆ ಇಲ್ಲ, ಮನುಷ್ಯರಿಲ್ಲ. ಜನ ದ್ವೀಪ ನೋಡಲಿಕ್ಕೆಂದು ವಿಮಾನ ಹತ್ತುತ್ತಾರಂತೆ. ನಾವು ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಅದನ್ನು ಇಷ್ಟು ವರ್ಷ ನೋಡುತ್ತಲೇ ಇದ್ದೆವು. ಇಳಿಯಬಹುದು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಪಂದ್ಯ ಆರಂಭವಾಗುವುದು ಕುದ್ರುವಿನಲ್ಲಿ ಕಾಲಿಟ್ಟ ಮೇಲೆ. ಆದ್ದರಿಂದ ದಂಡೆಯ ಮೇಲಿರುವಾಗಲೇ ನನ್ನ ಕಡೆಯ ಆಜ್ಞೆಯನ್ನು ಮೋನಪ್ಪನಿಗೆ ಕೊಟ್ಟುಬಿಟ್ಟೆ: "ನೋಡು ಮೋನಪ್ಪ, ನನ್ನ ವಿಸಿಲ್ ಕೇಳಿದ ಮೇಲೆಯೇ ದೋಣಿ ತರಬೇಕು. ಅದಕ್ಕಿಂತ ಮೊದಲು ಯಾರು ಕರೆದರೂ, ಯಾವ ಭಾಷೆಯಲ್ಲಿ ಕರೆದರೂ, ಹಗ್ಗ ಬಿಚ್ಚಬಾರದು." ಗಂಡ ಬೇಸರ ಬಂದು ಮಧ್ಯಾಹ್ನವೇ ಓಡಿ ಬರುವ ಆಸಾಮಿ, ಅದಕ್ಕೇ ಈ ಮುನ್ನೆಚ್ಚರಿಕೆ. ಮೋನಪ್ಪ "ಆಯ್ತಮ್ಮ" ಎಂದು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. ಅವನ ಮಗಳು ನಮ್ಮ ಹಾಸ್ಟೆಲಿನಲ್ಲಿದ್ದವಳು. ಒಮ್ಮೆ ಭೇಟಿಯ ಸಮಯ ಮುಗಿದ ಮೇಲೆ ಬಂದ ಅವನು, ನನ್ನನ್ನು ಗೇಟಿನಲ್ಲಿ ಕಂಡವನೇ ಏನೂ ಕೇಳದೆ ಹಲಸಿನ ಹಣ್ಣು ಹೊತ್ತು ತಿರುಗಿ ಹೋಗಿ, ಮುಂದಿನ ವಾರ ಅದೇ ಹಣ್ಣಿನ ಹಪ್ಪಳ ಮಾಡಿಸಿಕೊಂಡು ಸಮಯಕ್ಕೆ ಸರಿಯಾಗಿ ಬಂದಿದ್ದ. ಅಷ್ಟು ಶಿಸ್ತಿನ ಮನುಷ್ಯ.

ಕುದ್ರುವಿನಲ್ಲಿ ಇಳಿದದ್ದೇ ಗಂಡ ಒಂದು ಸ್ಟೀಲಿನ ಡಬ್ಬ ಹೊರತೆಗೆದರು. "ಎಲ್ಲರ ವಾಚು, ಫೋನು ಇದಕ್ಕೆ ಹಾಕುವ. ಸಮಯ ಅನ್ನುವುದೇ ಬೇಡ. ನಿನ್ನ ವಿಸಿಲ್ ಕೂಡ." ಹಾಕಿದೆವು. ಡಬ್ಬ ಮೋನಪ್ಪನ ಕೈಗೆ ಹೋಯಿತು. ಅವನು ನನಗೊಂದು ನಮಸ್ಕಾರ ಮಾಡಿ ದೋಣಿ ದೂಡುವ ಜಲ್ಲೆ ಊರಿದ. ದೋಣಿ ಹೊಳೆಯ ನಡುವೆ ತಲುಪಿದಾಗ ನನ್ನ ತಲೆಯೊಳಗೆ ಏನೋ ಠಣ್ ಎಂದಿತು. ವಿಸಿಲ್ ಕೇಳದೆ ಮೋನಪ್ಪ ಬರುವುದಿಲ್ಲ. ವಿಸಿಲ್ ಇರುವುದು ಮೋನಪ್ಪನ ಡಬ್ಬದಲ್ಲಿ. ಬಾಯಿ ತೆರೆದೆ. "ಏ ಮೋನಪ್ಪ, ತಿರುಗು" ಎಂದು ಗಂಟಲವರೆಗೆ ಬಂತು. ಆದರೆ ಅದು ಆಜ್ಞೆ! ಗಂಡ ಮೀಸೆಯೊಳಗೇ ನಗುತ್ತ ನನ್ನ ತುಟಿಯನ್ನೇ ನೋಡುತ್ತಿದ್ದರು, ಬೆಕ್ಕು ಮೀನಿನ ಬುಟ್ಟಿ ನೋಡುವ ಹಾಗೆ. ತೆರೆದ ಬಾಯಿಯನ್ನು ಆಕಳಿಕೆಯಾಗಿ ಪರಿವರ್ತಿಸಿ ಮುಚ್ಚಿದೆ. ದೋಣಿ ಹೋಯಿತು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಮಾಡಲು ಏನೂ ಇಲ್ಲ, ಮಾಡಿಸಲು ಏನೂ ಇಲ್ಲ, ಹಿಂದಿರುಗುವ ದಾರಿಯೂ ಇಲ್ಲ ಎಂದು ಖಚಿತವಾದದ್ದೇ ತಡ, ನನ್ನ ಮೈಯೊಳಗೆ ಯಾರೋ ಸೋಡಾ ಬಾಟಲಿ ಒಡೆದ ಹಾಗಾಯಿತು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಬೆರಳುದ್ದದ ಮೀನುಗಳು ಹಿಂಡಾಗಿ ಬಂದು ಪಾದಕ್ಕೆ ಕಚಗುಳಿ ಇಟ್ಟವು. ಹಾಸ್ಟೆಲಿನ ಇಡೀ ಅವಧಿಯಲ್ಲಿ ನಕ್ಕದ್ದಕ್ಕಿಂತ ಹೆಚ್ಚು ಅಲ್ಲಿ ನಿಂತು ನಕ್ಕೆ. ಬಂಡೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ, ಮಳೆಗಾಲ ಮುಗಿದ ಮೇಲೆ ಒಣಗಲು ಇಟ್ಟ ಕೊಡೆಗಳಂತೆ ಸಾಲಾಗಿ ನಿಂತಿದ್ದವು. ಮಿಂಚುಳ್ಳಿಯೊಂದು ನೀಲಿ ಕಿಡಿಯಂತೆ ಹಾರಿ ನೀರಿಗೆ ಬಿದ್ದು ಮೀನಿನೊಂದಿಗೆ ಎದ್ದಿತು. ಮುಂಡಕನ ಪೊದೆಯಿಂದ ನೀರುನಾಯಿಗಳ ಸಂಸಾರವೊಂದು ಹೊರಬಿದ್ದು ಹೊಯ್ಗೆಯಲ್ಲಿ ಉರುಳಾಡಿತು. ಒಂದರ ಹಿಂದೆ ಒಂದು ನಿಲ್ಲದೆ ಒಂದರ ಮೇಲೊಂದು ಬೀಳುತ್ತಿದ್ದವು. "ಸಾಲು! ಸಾಲು ಸರಿ ಮಾಡಿ" ಎಂಬ ಮಾತು ನಾಲಿಗೆಯ ತುದಿಯಲ್ಲಿ ಕುಣಿಯಿತು. ನೀರುನಾಯಿಗಳಿಗೆ ಹೇಳಿದರೂ ಆಜ್ಞೆಯೇ ಎಂದು ಐಸಮ್ಮನ ತೀರ್ಪು ಬರಬಹುದೆಂದು ನುಂಗಿಕೊಂಡೆ.

ಐಸಮ್ಮ ಒಂದು ಒಣಗಿದ ತೆಂಗಿನ ಮಡಲು, ಇಡೀ ಗರಿಯನ್ನೇ, ಎಳೆದು ತಂದಳು. ಕುದ್ರುವಿನ ಒಂದು ಬದಿಯಲ್ಲಿ ಹೊಯ್ಗೆ ಎತ್ತರಕ್ಕೆ ದಿಬ್ಬವಾಗಿ ನೀರಿಗೆ ಇಳಿಜಾರಾಗಿತ್ತು. "ಅಕ್ಕ, ಕೂತುಕೊಳ್ಳುವನಾ?" ಎಂದಳು. "ಈ ಪ್ರಾಯದಲ್ಲಾ?" ಎಂದೆ. "ಪ್ರಾಯ ಡಬ್ಬದಲ್ಲಿ ಉಂಟಲ್ಲ, ವಾಚಿನ ಒಟ್ಟಿಗೆ!" ಇಬ್ಬರೂ ಮಡಲಿನ ಮೇಲೆ ಒಬ್ಬರ ಹಿಂದೊಬ್ಬರು ಕುಳಿತು, ಮೇಲಿನಿಂದ ಜಾರಿ, ಕಿರುಚುತ್ತ ಸೀದಾ ಮೊಣಕಾಲುದ್ದದ ನೀರಿಗೆ ಬಿದ್ದೆವು. ಮತ್ತೆ ಹತ್ತಿದೆವು. ಮತ್ತೆ ಬಿದ್ದೆವು. ಎಷ್ಟು ಸಲ ಎಂದು ನಾನು ಲೆಕ್ಕ ಇಡಲಿಲ್ಲ. ಇದನ್ನು ನನ್ನ ಜೀವನದ ದೊಡ್ಡ ಸಾಧನೆಗಳ ನಡುವೆ ಸೇರಿಸಿಕೊಂಡಿದ್ದೇನೆ.

ಇದರ ನಡುವೆ ದಂಡೆಯಿಂದ ಯಾರದೋ ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಈಜಿ ಕುದ್ರುವಿಗೆ ಮೇಯಲು ಬಂದವು. ಯಾರೂ ಹೊಡೆದುಕೊಂಡು ಬಂದದ್ದಲ್ಲ, ತಾವಾಗಿ. ಸಾಲಿನಲ್ಲಿ! ನನಗೆ ಎದ್ದು ನಿಂತು ಗೌರವ ಸಲ್ಲಿಸಬೇಕು ಅನ್ನಿಸಿತು. ಆದರೆ ಶಿಸ್ತು ಬೇರೆ, ನಡತೆ ಬೇರೆ. ಮುಂದಾಳು ಎಮ್ಮೆ ನೇರವಾಗಿ ನಮ್ಮ ಚೀಲದ ಬಳಿಗೆ ಬಂದು, ಬಾಳೆಲೆಯಲ್ಲಿ ಕಟ್ಟಿದ್ದ ನನ್ನ ಅಕ್ಕಿತರಿಯ ಉಂಡೆ ಪುಂಡಿಯನ್ನೂ ಐಸಮ್ಮನ ಅಕ್ಕಿ ರೊಟ್ಟಿಯನ್ನೂ ಎಲೆ ಸಮೇತ ತಿನ್ನತೊಡಗಿತು. "ಸರಿಯಿರಿ, ನನಗೆ ಬಿಡಿ, ನನ್ನ ಸರ್ವಿಸು ಪೂರ ಇದೇ" ಎಂದು ಗಂಡ ಧುಮುಕಿದರು. "ಪೋ! ಪೋ!" ಎಂದು ತುಳುವಿನಲ್ಲಿ ಗದರಿಸಿದರು, ಕಿವಿಯ ಹಿಂದೆ ತುರಿಸಿದರು, ಮೂಗು ಹಿಡಿದರು. ಎಮ್ಮೆ ಅವರು ಉಟ್ಟ ಮುಂಡಿನ ತುದಿಯನ್ನೂ ರುಚಿ ನೋಡಿತು. "ಸಂಜೀವಣ್ಣ, ಅದಕ್ಕೆ ನೀವು ನಿವೃತ್ತರಾದದ್ದು ಗೊತ್ತುಂಟು ಕಾಣ್ತದೆ" ಎಂದಳು ಐಸಮ್ಮ.

ಎಮ್ಮೆ ಬಿಟ್ಟುಕೊಟ್ಟದ್ದನ್ನು ಹಂಚಿಕೊಂಡು ತಿಂದು, ತೆಂಗಿನ ನೆರಳಿನಲ್ಲಿ ಒರಗಿದೆ. ನಿದ್ದೆ ಬಂತು. ಹಾಡುಹಗಲು, ಬಯಲಿನಲ್ಲಿ, ಗೊರಕೆ ಸಮೇತ ನಿದ್ದೆ. ಬುದ್ಧಿ ತಿಳಿದ ಮೇಲೆ ನಾನು ಹಗಲು ಮಲಗಿದ್ದು ಜ್ವರದಲ್ಲಿ ಮಾತ್ರ.

"ಏಳು! ಏಳು! ಬಿಸಿಲು ಇಳೀತು!" ಎಂದು ಯಾರೋ ಭುಜ ಅಲುಗಾಡಿಸಿದರು. ಗಂಡ. "ವಿಸಿಲ್ ಊದು, ಮೋನಪ್ಪ ಬರಲಿ."

"ವಿಸಿಲ್ ಡಬ್ಬದಲ್ಲುಂಟು" ಎಂದು ಮಗ್ಗುಲಾದೆ.

"ಹಾಗಾದರೆ ಡಬ್ಬ..." ಎಂದವರು ಅಲ್ಲಿಗೇ ನಿಂತರು. ಅವರ ಮುಖ ಹಾಲು ಒಡೆದ ಪಾತ್ರೆಯ ಹಾಗಾಯಿತು. "ನಿನಗೆ ಗೊತ್ತಿತ್ತಾ?"

"ಬೆಳಿಗ್ಗೆಯೇ. ಹೇಳಿದ್ದರೆ ಆಜ್ಞೆ ಆಗ್ತಿತ್ತಲ್ಲ?"

ಐಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಚೆ ದಂಡೆಯಲ್ಲಿ ಮೋನಪ್ಪ ದೋಣಿಯ ತುದಿಯಲ್ಲಿ ಕುಳಿತು ಬೀಡಿ ಸೇದುವುದು ಚೆನ್ನಾಗಿ ಕಾಣುತ್ತಿತ್ತು. ಗಂಡ ಕೈ ಬೀಸಿದರು. ಮೋನಪ್ಪ ಎದ್ದು ವಿನಯದಿಂದ ಕೈ ಬೀಸಿದ. ಗಂಡ ಹೆಗಲ ಮೇಲಿನ ಬೈರಾಸು ಬೀಸಿದರು. ಅವನೂ ಬೈರಾಸು ಬೀಸಿದ. "ಓಡ ಕನಲ ಮಾರಾಯಾ!" ಎಂದು, ದೋಣಿ ತಾ ಎಂದು ತುಳುವಿನಲ್ಲಿ ಕೂಗಿದರು. ಅವನು ತನ್ನ ಕಿವಿ ಮುಟ್ಟಿ ತೋರಿಸಿ, ಬಾಯಿಯ ಮುಂದೆ ಊದುವ ಹಾಗೆ ಮಾಡಿ, ಕುಳಿತುಕೊಂಡ.

ಆಗ ನಾನೊಂದು ಅದ್ಭುತ ಕಂಡೆ. ವೇಳಾಪಟ್ಟಿ ಎಂದರೆ ಮೈ ಪರಚಿಕೊಳ್ಳುವ ನನ್ನ ಗಂಡ ಮುಂಡು ಎತ್ತಿ ಕಟ್ಟಿ, ಹೊಯ್ಗೆಯಲ್ಲಿ ಕೋಲಿನಿಂದ ಗೀಟು ಎಳೆದರು. "ಐಸಮ್ಮ, ನೀವು ಇಲ್ಲಿ. ನೀನು ಅಲ್ಲಿ, ಗೀಟಿನ ಮೇಲೆ. ನಾನು ಒಂದು ಎರಡು ಮೂರು ಅಂತೇನೆ, ಮೂರಕ್ಕೆ ಎಲ್ಲರೂ ಒಟ್ಟಿಗೆ ಕೂ ಹಾಕಬೇಕು. ಮಧ್ಯೆ ಮಾತಿಲ್ಲ, ನಗು ಇಲ್ಲ!" ನಾವು ಗೀಟಿನ ಮೇಲೆ ನಿಂತೆವು. ಕೂ ಹಾಕಿದೆವು. "ಸರಿಯಾಗಲಿಲ್ಲ, ಪುನಃ!" ಎಂದರು. ಪುನಃ ಹಾಕಿದೆವು. "ಐಸಮ್ಮ, ನೀವು ತಡವಾದಿರಿ!" ಎಂದರು. ಅಷ್ಟರಲ್ಲಿ ಎಮ್ಮೆಗಳು ಮೇಯುವುದು ಮುಗಿಸಿ ಮನೆಯ ಕಡೆಗೆ ನೀರಿಗಿಳಿದವು. ಗಂಡನ ಕಣ್ಣು ಮಿನುಗಿತು. "ಬಾಲ ಹಿಡಿದು ದಾಟುವ. ಒಬ್ಬೊಬ್ಬರಿಗೆ ಒಂದೊಂದು."

"ನೀವು ಹೋಗಿ ಸಂಜೀವಣ್ಣ" ಎಂದಳು ಐಸಮ್ಮ, "ನಾವು ಇಲ್ಲಿಂದ ಕೈ ಬೀಸ್ತೇವೆ."

ಅವರು ನಿಜಕ್ಕೂ ಸೊಂಟದವರೆಗೆ ನೀರಿಗಿಳಿದು ಬಾಲಕ್ಕೆ ಕೈ ಹಾಕಿದರು. ಪುಂಡಿ ತಿಂದ ಆ ಮುಂದಾಳು ಎಮ್ಮೆ ಹಿಂದಿರುಗಿ ಒಂದು ನೋಟ ನೋಡಿತು. ಅವರು ಬಾಲ ಬಿಟ್ಟರು. ಬಾಲವೇ ಒಮ್ಮೆ ಬೀಸಿ ಅವರ ಕೆನ್ನೆಗೆ ಒಂದು ಕೊಟ್ಟು ಹೋಯಿತು. ಒದ್ದೆಯಾಗಿ, ಕನ್ನಡಕದ ತುಂಬ ಹೊಳೆ ತುಂಬಿಕೊಂಡು, "ಇನ್ನು ರಾತ್ರಿ ಇಲ್ಲಿಯೇನಾ?" ಎಂದು ಸಣ್ಣ ಸ್ವರದಲ್ಲಿ ಕೇಳಿದರು. ಆಗ ಮಾತ್ರ ನನಗೂ ಒಳಗೆ ಸ್ವಲ್ಪ ಚಳಿ ಎನ್ನಿಸಿತು. ಆಕಾಶ ಕಿತ್ತಳೆಯಾಗಿತ್ತು, ಬೆಳ್ಳಕ್ಕಿಗಳು ತೆಂಗಿನ ಮೇಲೆ ಜಾಗಕ್ಕಾಗಿ ಜಗಳ ಶುರು ಮಾಡಿದ್ದವು, ನಮ್ಮ ಬಳಿ ಒಂದು ಬೆಂಕಿಕಡ್ಡಿಯೂ ಇರಲಿಲ್ಲ.

ಐಸಮ್ಮ ನಿಟ್ಟುಸಿರು ಬಿಟ್ಟಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಎರಡು ಬೆರಳು ಮಡಚಿ ನಾಲಿಗೆಯ ಕೆಳಗಿಟ್ಟು, ಅಬ್ಬಾ, ಎಂಥ ಸಿಳ್ಳೆ! ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ನನ್ನ ವಿಸಿಲ್ ಅದರ ಮುಂದೆ ಸೊಳ್ಳೆ. ಆಚೆ ದಂಡೆಯಲ್ಲಿ ಮೋನಪ್ಪ ಬೀಡಿ ಎಸೆದು, ಟೊಪ್ಪಿ ಹಾಕಿ, ಹಗ್ಗ ಬಿಚ್ಚಿದ.

"ನನ್ನ ತವರು, ಉಮ್ಮನ ಮನೆ, ಹೊಳೆ ಬದಿಯಲ್ಲೇ ಅಲ್ವಾ" ಎಂದಳು ಅವಳು. "ದೋಣಿ ಕರೀಲಿಕ್ಕೆ ನಾನೇ ಸಿಳ್ಳೆ ಹಾಕ್ತಾ ಇದ್ದದ್ದು. ಮದುವೆ ಆದ ಮೇಲೆ ಇವತ್ತೇ."

"ಮೊದಲೇ ಹಾಕಬಾರದಿತ್ತಾ?" ಎಂದು ಗಂಡ ಸಿಡುಕಿದರು.

"ನೀವು ಅಷ್ಟು ಚಂದ ಕವಾಯತು ಮಾಡಿಸ್ತಾ ಇದ್ರಿ. ನಿಲ್ಲಿಸ್ಲಿಕ್ಕೆ ಮನಸ್ಸಾಗ್ಲಿಲ್ಲ."

ದೋಣಿ ಬಂದಾಗ ಮೋನಪ್ಪ ಡಬ್ಬವನ್ನು ಎರಡೂ ಕೈಯಲ್ಲಿ ಒಪ್ಪಿಸಿದ. "ವಿಸಿಲ್ ಇದರಲ್ಲುಂಟು ಅಂತ ನನಗೆ ಗೊತ್ತಿತ್ತಮ್ಮ. ಆದರೆ ಆರ್ಡರ್ ಆರ್ಡರೇ ಅಲ್ವಾ? ಬೇರೆ ವಿಸಿಲ್ ಇಟ್ಟುಕೊಂಡಿರಬಹುದು ಅಂದುಕೊಂಡೆ." ನಡು ಹೊಳೆಯಲ್ಲಿ ಐಸಮ್ಮ ತೀರ್ಪು ಕೊಟ್ಟಳು: "ಅಕ್ಕ ಇಡೀ ದಿನ ಒಂದೂ ಆರ್ಡರ್ ಕೊಡ್ಲಿಲ್ಲ, ಗೆದ್ರು. ಆದ್ರೆ ಆರ್ಡರ್ ಕೊಟ್ಟದ್ದು ಯಾರು? ಸಂಜೀವಣ್ಣ. ಆದ್ದರಿಂದ ಇನ್ನು ಮೇಲೆ ವಿಸಿಲ್ ಊದುವ ಕೆಲಸ ಅವರದ್ದು. ಆರಕ್ಕೆ ಬೇಡ, ಏಳಕ್ಕೆ." ಗಂಡ ತಲೆ ಬಗ್ಗಿಸಿ ಮುಂಡು ಹಿಂಡುತ್ತಿದ್ದರು. ನಾನು ಒಪ್ಪಿದೆ. ಗೆದ್ದವಳು ಉದಾರಿಯಾಗಿರಬೇಕು.

ಮನೆಗೆ ಬಂದು, ಸೆರಗಿನ ಹೊಯ್ಗೆ ಕೊಡವಿ, ಗಂಜಿ ಉಂಡು, ವಿಸಿಲನ್ನು ತೊಳೆದು ಒರೆಸಿ ಗಂಡನ ದಿಂಬಿನ ಪಕ್ಕದಲ್ಲಿಟ್ಟೆ. "ಇನ್ನು ನಾನು ನಿಶ್ಚಿಂತೆ" ಎಂದೆ. ಅವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಏಳು ಗಂಟೆಯವರೆಗೆ ಹಾಯಾಗಿ ಮಲಗುವ ನನ್ನ ಹೊಸ ಬದುಕನ್ನು ನೆನೆದು ಮತ್ತೊಮ್ಮೆ ಮೈಯೆಲ್ಲ ಸೋಡಾ ಉಕ್ಕಿತು. ಆಮೇಲೆ ದೀಪ ಆರಿಸುವ ಮುನ್ನ, ಅವರು ಏಳು ಗಂಟೆಗೆ ಸರಿಯಾಗಿ ಎದ್ದು ಊದುತ್ತಾರೋ ಇಲ್ಲವೋ ಎಂದು ನೋಡಬೇಕಲ್ಲ, ಅಲಾರಂ ತೆಗೆದು ಐದೂವರೆಗೆ ಇಟ್ಟೆ.